ಶುಗರ್ ಇಳಿದಾಗ ಮೆಡಿಕಲ್ ಅಂಗಡಿಯವರು ಎಷ್ಟು ಮಾಡಬಹುದು?

ಪ್ರಶ್ನೆ: ನಾಪೋಕ್ಲು ಬಳಿ ನಮ್ಮ ಕಾಫಿ ತೋಟ. ತಂದೆಗೆ 68 ವರ್ಷ. ಹೋದ ವಾರ ಮಧ್ಯಾಹ್ನದ ಶುಗರ್ ಮಾತ್ರೆ ನುಂಗಿ, ಊಟ ಮಾಡದೆ ತೋಟಕ್ಕೆ ಇಳಿದವರು ಮೂರು ಗಂಟೆ ಹೊತ್ತಿಗೆ ಬೆವರಿ ನಡುಗತೊಡಗಿದರು. ಸಕ್ಕರೆ ನೀರು ಕುಡಿಸಿದರೂ ಚೇತರಿಸಲಿಲ್ಲ. ಪೇಟೆಯ ಮೆಡಿಕಲ್‌ಗೆ ಕರೆದೊಯ್ದೆವು. ಪರೀಕ್ಷೆ ಮಾಡಿದರೆ 52! ಗ್ಲೂಕೋಸ್ ಪುಡಿ ಕದಡಿ ಕುಡಿಸಿದ ಮೇಲೆ 116ಕ್ಕೆ ಏರಿತು. ಆದರೂ ಅಂಗಡಿಯ ಫಾರ್ಮಸಿಸ್ಟ್ ಆಸ್ಪತ್ರೆಗೆ ಹೋಗಲೇಬೇಕೆಂದು ಪಟ್ಟು ಹಿಡಿದರು. ಅಲ್ಲಿ ರಾತ್ರಿಯಿಡೀ ಇಟ್ಟುಕೊಂಡರು. ಅಷ್ಟು ಬೇಕಿತ್ತೇ? ಸಕ್ಕರೆ ಯಾಕೆ ಹಿಡಿಯಲಿಲ್ಲ?

ಉತ್ತರ: ಬೇಕಿತ್ತು. ನೀವು ಕಳಿಸಿದ ಚಿತ್ರದಲ್ಲಿ ಮಾತ್ರೆಯ ಹಾಳೆಯ ಹಿಂಬದಿ ಓದಿದೆ: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್, ಮೂರೂ ಒಂದೇ ಮಾತ್ರೆಯಲ್ಲಿ. ಆ ಫಾರ್ಮಸಿಸ್ಟ್ ಕೂಡ ಅದನ್ನು ಓದಿಯೇ ಹಾಗೆ ಹೇಳಿರಬೇಕು.

ವೋಗ್ಲಿಬೋಸ್ ಕೆಲಸವೇ ಕರುಳಿನಲ್ಲಿ ಪಿಷ್ಟ, ಸಕ್ಕರೆ ಬೇಗ ಒಡೆಯದಂತೆ ತಡೆಯುವುದು. ಊಟವಾದ ಮೇಲೆ ಶುಗರ್ ಜಿಗಿಯದಿರಲೆಂದು ಅದನ್ನು ಕೊಡುತ್ತಾರೆ. ಶುಗರ್ ಇಳಿದಾಗ ಅದೇ ಗುಣ ಅಡ್ಡ ಬರುತ್ತದೆ. ಕುಡಿಸಿದ ಸಕ್ಕರೆ ಹೊಟ್ಟೆ ಸೇರಿದರೂ ರಕ್ತ ಸೇರುವುದು ತಡ. ಗ್ಲೂಕೋಸ್ ಒಡೆಯುವ ಅಗತ್ಯವೇ ಇಲ್ಲ, ನೇರ ಒಳಹೋಗುತ್ತದೆ. ಜೇನುತುಪ್ಪದಲ್ಲೂ ಗ್ಲೂಕೋಸ್ ಬಿಡಿಯಾಗಿಯೇ ಇರುವುದರಿಂದ ಪುಡಿ ಸಿಗದಿದ್ದರೆ ಒಂದು ದೊಡ್ಡ ಚಮಚ ಜೇನು ಕೊಡಿ. ಕೊಡಗಿನ ಮನೆಗಳಲ್ಲಿ ಅದಕ್ಕೇನು ಬರ!

ಇನ್ನು ಗ್ಲಿಮೆಪಿರೈಡ್. ಇದು ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ಪ್ರಭಾವ ಇಡೀ ದಿನ ಉಳಿಯಬಹುದು. ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿ ಸೋತಿದ್ದರೆ, ಇನ್ನೂ ಹೆಚ್ಚು. 116 ನೋಡಿ ಸಮಾಧಾನದಿಂದ ಮನೆಗೆ ಹೋಗಿ ಮಲಗಿಸಿದ್ದರೆ, ನಡುರಾತ್ರಿ ಮತ್ತೆ ಇಳಿಯುವ ಅಪಾಯವಿತ್ತು. ಮಳೆಗಾಲದ ರಾತ್ರಿ ತೋಟದ ಮನೆಯಿಂದ ಮಡಿಕೇರಿ ತಲುಪುವ ಪಾಡು ನಿಮಗೆ ನಾನು ಹೇಳಬೇಕಿಲ್ಲ.

ಫಾರ್ಮಸಿಸ್ಟ್ ಮಾಡಬಹುದಾದ್ದು ಇಷ್ಟು: ಶುಗರ್ 70ಕ್ಕಿಂತ ಕೆಳಗಿದ್ದು, ರೋಗಿ ಎಚ್ಚರವಿದ್ದು ನುಂಗಬಲ್ಲರೆಂದರೆ 15 ಗ್ರಾಂ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಹನಿ ನೀರೂ ಹಾಕಬಾರದು, ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ರಕ್ತನಾಳಕ್ಕೆ ಗ್ಲೂಕೋಸ್ ಏರಿಸುವುದು ಆಸ್ಪತ್ರೆಯ ಕೆಲಸ. ಮಾತ್ರೆ ಬದಲಿಸುವುದು, ಪ್ರಮಾಣ ಕಡಿಮೆ ಮಾಡುವುದು ವೈದ್ಯರದ್ದು. 'ಅಣ್ಣಾ, ಏನಾದರೂ ಇಂಜೆಕ್ಷನ್ ಹಾಕಿಬಿಡಿ' ಎಂದು ಅಂಗಡಿಯವರನ್ನು ಕಾಡಬೇಡಿ.

ಬೆವರಿ, ತೊದಲುತ್ತಾ, ತೂರಾಡುವವರನ್ನು ನಮ್ಮಲ್ಲಿ ಕುಡಿದಿದ್ದಾರೆಂದು ಸುಮ್ಮನೆ ಬಿಟ್ಟುಬಿಡುತ್ತಾರೆ. ನಿಜಕ್ಕೂ ಕುಡಿದಿದ್ದರೂ ಪರೀಕ್ಷೆ ಮಾಡಲೇಬೇಕು. ಖಾಲಿ ಹೊಟ್ಟೆಯ ಮದ್ಯವೇ ಶುಗರ್ ಇಳಿಸುತ್ತದೆ. ಆದರೆ ಬೆರಳು ತೊಳೆಸಿ ಚುಚ್ಚಿ: ಕಿತ್ತಳೆ ಸುಲಿದ ಕೈಯಲ್ಲಿ ಪರೀಕ್ಷಿಸಿದರೆ ಇಲ್ಲದ ಸಕ್ಕರೆ ತೋರಿಸುತ್ತದೆ, ಅಪಾಯ ಮರೆಯಾಗುತ್ತದೆ.

ಬೇರೆ ಕಾಯಿಲೆಗೆ ಬೇರೆ ಅಂಗಡಿಯಲ್ಲಿ ಔಷಧಿ ಕೊಳ್ಳುವಾಗಲೂ ಶುಗರ್ ಮಾತ್ರೆಯ ಹಾಳೆ ತೋರಿಸಿ. ಲೆವೊಫ್ಲಾಕ್ಸಸಿನ್, ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯೋಟಿಕ್ ಗ್ಲಿಮೆಪಿರೈಡ್ ಜೊತೆ ಸೇರಿದರೆ ಶುಗರ್ ದಿಢೀರ್ ಕುಸಿಯಬಹುದು.

ಪ್ರಶ್ನೆ: ಸೋಮವಾರಪೇಟೆಯಲ್ಲಿ ಮಳೆಗೆ ಎರಡು-ಮೂರು ದಿನ ಕರೆಂಟ್ ಇರುವುದಿಲ್ಲ. ಅಮ್ಮನ ಇನ್ಸುಲಿನ್ ಕೆಡುತ್ತದೆಯೇ?

ಉತ್ತರ: ಮಳೆಗಾಲದ ತಂಪಿನಲ್ಲಿ ಅಷ್ಟಕ್ಕೆ ಕೆಡುವುದಿಲ್ಲ. ಒಲೆ, ಅಗ್ಗಿಷ್ಟಿಕೆಯಿಂದ ದೂರವಿಡಿ. ಹೊರತೆಗೆದ ದಿನಾಂಕ ಬಾಟಲಿಯ ಮೇಲೆ ಬರೆದು ನಾಲ್ಕು ವಾರದೊಳಗೆ ಮುಗಿಸಿ. ಕರೆಂಟ್ ಬಂತೆಂದು ಫ್ರೀಜರ್‌ಗೆ ತುರುಕಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾದ್ದೇ. ನನಗೆ ಇದಕ್ಕಿಂತ ಹೆಚ್ಚಿನ ಭಯ ಸಿರಿಂಜಿನದು. ಬಾಟಲಿಯ ಮೇಲೆ 40 ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಎಂದಿದ್ದರೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಹೋಗುತ್ತದೆ. ಕೊಳ್ಳುವಾಗ ಬಾಟಲಿ, ಸಿರಿಂಜ್ ಎರಡನ್ನೂ ಕೌಂಟರ್ ಮೇಲೆ ಒಟ್ಟಿಗಿಟ್ಟು ಫಾರ್ಮಸಿಸ್ಟ್‌ಗೆ ತೋರಿಸಿಯೇ ಹೊರಡಿ.