ಸಂಪಾದಕರ ಉತ್ತರ: ಆ ಚಿತ್ರದಲ್ಲಿದ್ದ ನರ್ಸ್ ಯಾರು?

ಮಾನ್ಯ ಅಧ್ಯಾಪಿಕೆಯವರೇ,

ಪೆರ್ಲದಿಂದ ನೀವು ಬರೆದ ಪತ್ರ ತಲುಪಿದೆ. ನಮ್ಮ ಕಳೆದ ಸಂಚಿಕೆಯಲ್ಲಿ ಕಾಸರಗೋಡಿನ ಆರೋಗ್ಯ ವ್ಯವಸ್ಥೆಯ ಬಗ್ಗೆ ಪ್ರಕಟವಾದ ಲೇಖನದಲ್ಲಿ ನಾಲ್ವರು ವೈದ್ಯರ ಭಾವಚಿತ್ರವೂ ಪರಿಚಯವೂ ಇದ್ದುವು. ನರ್ಸ್ ಒಬ್ಬರು ಕಾಣಿಸಿಕೊಂಡದ್ದು ಒಂದೇ ಒಂದು ಚಿತ್ರದಲ್ಲಿ, ಅದೂ ಬೆನ್ನು ಮಾತ್ರ ಕಾಣುವಂತೆ. ಅದರ ಕೆಳಗೆ ನಾವು ‘ರೋಗಿಯನ್ನು ಪರೀಕ್ಷಿಸುತ್ತಿರುವ ವೈದ್ಯರು’ ಎಂದು ಬರೆದಿದ್ದೆವು. ‘ಪಕ್ಕದಲ್ಲಿ ಡ್ರಿಪ್ ಸರಿಪಡಿಸುತ್ತಿರುವ ಹುಡುಗಿಗೆ ಹೆಸರಿಲ್ಲವೇ?’ ಎಂದು ನೀವು ಕೇಳಿದ್ದೀರಿ. ಲೇಖನದಲ್ಲಿ ‘ದಾದಿಯರು’ ಎಂದು ಬಳಸಿದ್ದೂ ನಿಮಗೆ ಸರಿಕಂಡಿಲ್ಲ. ನರ್ಸುಗಳ ದಿನವಾದ ಮೇ 12ರಂದು ಅವರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದರೆ ಗೌರವ ಸಂದಂತಾಯಿತೇ ಎಂಬುದು ನಿಮ್ಮ ಮೂರನೆಯ ಪ್ರಶ್ನೆ.

ಮೊದಲನೆಯದಕ್ಕೆ ಕೊಡಲು ನನ್ನಲ್ಲಿ ಸಮಜಾಯಿಷಿ ಇಲ್ಲ. ಚಿತ್ರ ತೆಗೆದವರು ವೈದ್ಯರ ಹೆಸರನ್ನು ಕೇಳಿ ಬರೆದುಕೊಂಡು ಬಂದಿದ್ದರು, ನರ್ಸಿನ ಹೆಸರನ್ನು ಕೇಳಿರಲಿಲ್ಲ. ಕಚೇರಿಯಲ್ಲಿ ಕುಳಿತ ನಮಗೂ ಅದು ಕೊರತೆಯಾಗಿ ಕಾಣಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನಮ್ಮಲ್ಲಿ ಪ್ರಕಟವಾಗುವ ಉತ್ತರಕ್ರಿಯೆಯ ಕೃತಜ್ಞತಾ ಪ್ರಕಟಣೆಗಳನ್ನು ತೆಗೆದು ನೋಡಿದೆ. ವೈದ್ಯರ ಹೆಸರು ಪದವಿ ಸಮೇತ ಇರುತ್ತದೆ, ಆಂಬುಲೆನ್ಸ್ ಕೊಟ್ಟ ಸಂಘದ ಹೆಸರಿರುತ್ತದೆ, ಪುರೋಹಿತರದ್ದೂ ಅಡುಗೆಯವರದ್ದೂ ಇರುತ್ತದೆ. ತಿಂಗಳುಗಟ್ಟಲೆ ಮೈ ಒರೆಸಿ ಹುಣ್ಣು ತೊಳೆದವರು ಮಾತ್ರ ‘ಹಾಗೂ ಆಸ್ಪತ್ರೆಯ ಸಿಬ್ಬಂದಿ ವರ್ಗ’ ಎಂಬ ನಾಲ್ಕು ಪದಗಳೊಳಗೆ ಸೇರಿಹೋಗಿರುತ್ತಾರೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ ರೋಗಿಗಳು ಮಂಗಳೂರಿಗೆ ಹೋಗಲಾರದೆ ಪಟ್ಟ ಪಾಡನ್ನು ನಾವು ಬರೆದೆವು. ಆದರೆ ಅದೇ ರಸ್ತೆಯಲ್ಲಿ ದಿನವೂ ಮಂಗಳೂರಿನ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ನಮ್ಮೂರಿನ ನರ್ಸುಗಳು ಏನು ಮಾಡಿದರು ಎಂದು ವಿಚಾರಿಸಲೂ ಇಲ್ಲ.

‘ದಾದಿ’ ಎಂದರೆ ಮಗುವನ್ನು ಸಾಕಲು ನೇಮಿಸಿಕೊಂಡವಳು ಎಂಬ ಅರ್ಥ ಹಳೆಯದು. ಮೂರು ನಾಲ್ಕು ವರ್ಷ ಓದಿ, ಪರೀಕ್ಷೆ ಬರೆದು, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ಉದ್ಯೋಗಸ್ಥರಿಗೆ ಅದು ಹೊಂದುವುದಿಲ್ಲ, ಈ ವೃತ್ತಿಯಲ್ಲಿ ಗಂಡಸರೂ ಇದ್ದಾರೆ. ಸರಕಾರಿ ಕಡತಗಳಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎಂದಿದೆ. ಅದು ಸ್ವಲ್ಪ ಬಿಗಿಯಾದ ಪದವೆಂದು ನನಗೆ ಅನಿಸಿದರೂ, ಅದರೊಳಗಿರುವ ‘ಶುಶ್ರೂಷೆ’ ಎಂಬ ಮಾತು ಸಂಸ್ಕೃತದಲ್ಲಿ ಕೇಳು ಎಂಬ ಧಾತುವಿನಿಂದ ಹುಟ್ಟಿದ್ದು, ಮೂಲದಲ್ಲಿ ಅದಕ್ಕೆ ‘ಕೇಳಬೇಕೆಂಬ ಬಯಕೆ’ ಎಂದೇ ಅರ್ಥ. ನಾವು ಇನ್ನು ಮುಂದೆ ‘ನರ್ಸ್’ ಎಂದೇ ಬರೆಯುತ್ತೇವೆ, ಆದರೂ ಆ ಮೂಲಾರ್ಥವನ್ನು ಬಿಡಲು ನನಗೆ ಮನಸ್ಸಿಲ್ಲ. ಏಕೆಂದರೆ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತಾಯಿ ಪಾರ್ಶ್ವವಾಯುವಿನಿಂದ ಮಲಗಿದ್ದಾಗ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಿದ್ದರು. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್, ಅಂದರೆ ದೀರ್ಘಕಾಲದ ರೋಗಿಗಳ ನೋವು ತಗ್ಗಿಸುವ ಉಪಶಾಮಕ ಚಿಕಿತ್ಸೆಯ ನೀತಿಯನ್ನು ಜಾರಿಗೆ ತಂದ ಮೇಲೆ ಪಂಚಾಯತುಗಳ ಮೂಲಕ ನಡೆದುಬಂದ ವ್ಯವಸ್ಥೆ ಅದು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ, ಹಾಸಿಗೆ ಹಿಡಿದ ರೋಗಿಗಳಿರುವ ನಿಮ್ಮ ಎಣ್ಮಕಜೆಯಂತಹ ಪಂಚಾಯತುಗಳಲ್ಲಿ ಅದರ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಆ ನರ್ಸ್ ತೆಂಕಣ ಜಿಲ್ಲೆಯವರು, ಬಂದಾಗ ಮಲೆಯಾಳ ಮಾತ್ರ ಬಲ್ಲವರು. ಅಮ್ಮನಿಗೆ ಕನ್ನಡ ಬಿಟ್ಟರೆ ತುಳು. ಮೂರು ತಿಂಗಳೊಳಗೆ ಅವರು ‘ಅಮ್ಮಾ, ನೋವುಂಟಾ? ಎಲ್ಲಿ, ತೋರಿಸಿ’ ಎನ್ನುವಷ್ಟು ಕಲಿತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಮಗೆ ತೋರಿಸಿಕೊಟ್ಟದ್ದು, ಬಾಲಮೂಳೆಯ ಮೇಲಿನ ಚರ್ಮ ಒತ್ತಿದರೂ ಬಿಳಿಚದ ಕೆಂಪಾಗಿರುವುದನ್ನು ಕಂಡು ಹಾಸಿಗೆ ಹುಣ್ಣು ಶುರುವಾಗಿದೆ ಎಂದು ಮೊದಲೇ ಹೇಳಿದ್ದು, ಕ್ಯಾಥೆಟರಿನ ಚೀಲದಲ್ಲಿ ಮೂತ್ರ ಕಲಕಿರುವುದನ್ನು ನೋಡಿ ಅದೇ ದಿನ ವೈದ್ಯರಿಗೆ ಫೋನು ಮಾಡಿದ್ದು ಅವರೇ. ಇದನ್ನೆಲ್ಲ ನಾವು ‘ದಯೆ’ ಎಂದೆವು. ದಯೆ ಇತ್ತು, ನಿಜ. ಆದರೆ ಅಮ್ಮನನ್ನು ಉಳಿಸಿದ್ದು ಅವರ ವಿದ್ಯೆ.

ಹೊಗಳಿಕೆಯೇ ಕೆಲಸವನ್ನು ಮರೆಮಾಡುವುದು ಹೀಗೆ. ಮೇ 12 ಆಧುನಿಕ ನರ್ಸಿಂಗ್ ವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. 1854ರಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, 38 ಮಂದಿ ನರ್ಸುಗಳೊಡನೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೊರಟ ಅವರನ್ನು ನಾವು ಕೈಯಲ್ಲಿ ದೀಪ ಕೊಟ್ಟು ನಿಲ್ಲಿಸಿದ್ದೇವೆ. ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದಲೇ ಸೈನಿಕರು ಸತ್ತರೆಂದು ಅಂಕಿಅಂಶಗಳಿಂದ ತೋರಿಸಿ ಅಧಿಕಾರಸ್ಥರನ್ನು ಒಪ್ಪಿಸಿದ ಲೆಕ್ಕಗಾರ್ತಿಯೂ ಅವರೇ ಎಂದು ನೆನೆಯುವವರು ಕಡಿಮೆ. ನಮ್ಮ ರಾಜ್ಯದಲ್ಲೇ, ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ನಿಫಾ ವೈರಸ್ ಸೋಂಕಿನ ರೋಗಿಯ ಶುಶ್ರೂಷೆ ಮಾಡಿ, ಅದೇ ಸೋಂಕು ತಗುಲಿ 2018ರ ಮೇ 21ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. ಅದು ಯೋಗ್ಯವೇ. ಆದರೆ ನರ್ಸ್ ಒಬ್ಬರ ಹೆಸರು ನಮ್ಮ ನಾಲಿಗೆಯ ಮೇಲೆ ಬರಲು ಅವರು ಸಾಯಬೇಕಾಗುವುದು ಯಾವ ನ್ಯಾಯ?

ಶಾಲಿನ ಬಗ್ಗೆ ನನ್ನ ವಿರೋಧವಿಲ್ಲ, ಅದರ ಜೊತೆಗೆ ಸಂಬಳವೂ ಸಂಖ್ಯೆಯೂ ಸರಿಯಿದ್ದರೆ. ಸಾಮಾನ್ಯ ವಾರ್ಡಿನಲ್ಲಿ ವೈದ್ಯಕೀಯ ಕಾಲೇಜಾದರೆ ಮೂವರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ. ಅಮ್ಮನನ್ನು ಮೊದಲು ಸೇರಿಸಿದ್ದ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇಪ್ಪತ್ತೆಂಟು ಹಾಸಿಗೆಗಳಿಗೆ ಇಬ್ಬರಿದ್ದರು. ಕರೆಗಂಟೆ ಒತ್ತಿ ಕಾದು ಸಿಟ್ಟಿಗೆದ್ದು ನಾನು ಬೈದದ್ದು ಆ ಇಬ್ಬರನ್ನೇ ಹೊರತು ಮೂರನೆಯವರನ್ನು ನೇಮಿಸದ ಆಡಳಿತದವರನ್ನಲ್ಲ. ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ಕನಿಷ್ಠ ಮೂಲವೇತನ 20,000 ರೂಪಾಯಿ ಎಂದು 2018ರಲ್ಲಿ ನಿಗದಿಯಾದದ್ದೂ ನರ್ಸುಗಳು ಬೀದಿಗಿಳಿದ ಮೇಲೆಯೇ, ಯಾವ ಸನ್ಮಾನ ಸಭೆಯಿಂದಲೂ ಅಲ್ಲ.

ಕೊನೆಗೆ ಆ ಚಿತ್ರದ ವಿಷಯ. ನಿಮ್ಮ ಪತ್ರ ಬಂದ ವಾರವೇ ಅವರನ್ನು ಹುಡುಕಿ ಮಾತಾಡಿದೆ. ಹೆಸರು ಪ್ರಕಟಿಸುವುದು ಬೇಡ ಎಂದರು. ಡ್ಯೂಟಿಯಲ್ಲಿರುವವರೆಲ್ಲರೂ ಮಾಡುವ ಕೆಲಸವದು, ತನ್ನೊಬ್ಬಳದ್ದೇ ಏಕೆ ಎಂಬುದು ಅವರ ಸಂಕೋಚ. ಆದರೆ ಒಂದು ತಿದ್ದುಪಡಿ ಬೇಕೆಂದರು, ಅದು ನಮಗೂ ನಿಮಗೂ ಸೇರಿದ್ದು. ಕಪ್ಪುಬಿಳುಪಿನ ಮುದ್ರಣದಲ್ಲಿ ಗೊತ್ತಾಗಲಿಲ್ಲ, ಅಲ್ಲಿ ತೂಗುತ್ತಿದ್ದುದು ಡ್ರಿಪ್ ಅಲ್ಲ, ರಕ್ತ. ರಕ್ತ ಕೊಡಲು ಆರಂಭಿಸಿದ ಮೊದಲ ಹದಿನೈದು ನಿಮಿಷ ನಡುಕವೋ ಜ್ವರವೋ ಉಬ್ಬಸವೋ ಬರುತ್ತದೆಯೇ ಎಂದು ರೋಗಿಯ ಬಳಿಯೇ ನಿಂತು ನೋಡಬೇಕು. ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಅವರು ಕ್ಯಾಮೆರಾದ ಕಡೆಗೆ ತಿರುಗದೆ ಇದ್ದದ್ದು ಅದಕ್ಕಾಗಿ. ಚಿತ್ರದ ಅಡಿಬರಹವನ್ನು ಹೀಗೆ ಓದಿಕೊಳ್ಳಬೇಕಾಗಿ ವಿನಂತಿ: ‘ರಕ್ತ ಪಡೆಯುತ್ತಿರುವ ರೋಗಿಯ ಮೇಲೆ ನಿಗಾ ಇಟ್ಟಿರುವ ನರ್ಸ್, ಜೊತೆಯಲ್ಲಿ ವೈದ್ಯರು.’

– ಸಂಪಾದಕ