ಸಂಪಾದಕರ ಉತ್ತರ: ಶುಕ್ರನ ಗಾಳಿ, ಸೇಡಂ ನೆಲದ ಕಲ್ಲು

ಮಾನ್ಯರೇ,

ಸೇಡಂನಿಂದ ತಾವು ಬರೆದ ಪತ್ರ ತಲುಪಿದೆ. ಬೇಸಿಗೆ ಬಂತೆಂದರೆ ಕೊಳವೆಬಾವಿಗಳು ಬತ್ತುವ, ಮಳೆ ಕೈಕೊಟ್ಟ ವರ್ಷ ತೊಗರಿಯ ಹೂವು ಕಾಯಿ ಕಟ್ಟದೆ ಉದುರುವ ಈ ಸೀಮೆಯಲ್ಲಿ ಕುಳಿತು ನೋಡಿದಾಗ, ಯಾರೂ ಕಾಲಿಡಲಾಗದ ಶುಕ್ರ ಗ್ರಹಕ್ಕೆ ನೌಕೆ ಕಳಿಸಲು 1,236 ಕೋಟಿ ರೂಪಾಯಿ ಮಂಜೂರಾಗಿರುವುದು ತಮಗೆ ಸರಿಕಂಡಿಲ್ಲ. ‘ಭೂಮಿಯನ್ನೇ ಪೂರ್ತಿ ಅರಿಯದವರು ನೆರೆಯ ಗ್ರಹವನ್ನು ಅರಿತು ಮಾಡುವುದೇನು?’ ಎಂದು ಕೇಳಿದ್ದೀರಿ. ಮಾಡಲೇಬೇಕಿದ್ದರೆ ಶ್ರೀಮಂತ ದೇಶಗಳು ಮಾಡಲಿ, ಅವರ ಫಲಿತಾಂಶವನ್ನು ನಾವು ಓದಿಕೊಂಡರಾಯಿತು ಎಂದೂ ಸೂಚಿಸಿದ್ದೀರಿ.

ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಈ ಮೊತ್ತವನ್ನು ದೇಶದ ಜನಸಂಖ್ಯೆಯಿಂದ ಭಾಗಿಸಿ, ತಲೆಗೆ ಒಂಬತ್ತು ರೂಪಾಯಿಯೂ ಬೀಳುವುದಿಲ್ಲ ಎಂದು ತಮ್ಮನ್ನು ಸುಮ್ಮನಾಗಿಸಲು ನನಗೆ ಮನಸ್ಸಿಲ್ಲ. ಹಾಗೆ ಲೆಕ್ಕ ಹಾಕಿದರೆ ಯಾವ ವೆಚ್ಚವೂ ಸಣ್ಣದಾಗಿಯೇ ಕಾಣುತ್ತದೆ. ಶುಕ್ರನ ಅಧ್ಯಯನದಿಂದ ಸೇಡಂನ ಬಾವಿಗಳಿಗೆ ನೀರು ಬರುವುದಿಲ್ಲವೆಂಬುದನ್ನೂ ನೇರವಾಗಿಯೇ ಒಪ್ಪುತ್ತೇನೆ. ಆದರೆ ತಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ: ಭೂಮಿಯನ್ನು ಅರಿಯಲು ಭೂಮಿಯೊಂದೇ ಸಾಲುವುದಿಲ್ಲ.

ಗಾತ್ರದಲ್ಲಿ ಶುಕ್ರನಷ್ಟು ನಮಗೆ ಹತ್ತಿರದ ಗ್ರಹ ಸೌರವ್ಯೂಹದಲ್ಲಿ ಇನ್ನೊಂದಿಲ್ಲ. ಭೂಮಿಯ ವ್ಯಾಸ ಸುಮಾರು 12,742 ಕಿಲೋಮೀಟರ್, ಶುಕ್ರನದು 12,104. ಹೀಗಿದ್ದೂ ಅದರ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಗಾಳಿಯ ಒತ್ತಡ ನಮ್ಮಲ್ಲಿರುವುದರ ತೊಂಬತ್ತು ಪಟ್ಟಿಗೂ ಹೆಚ್ಚು. ಸೂರ್ಯನಿಗೆ ಸಮೀಪವಿರುವುದೇ ಇದಕ್ಕೆ ಕಾರಣವೆಂದು ತಟ್ಟನೆ ಅನ್ನಿಸುತ್ತದೆ. ಆದರೆ ಬುಧ ಇನ್ನೂ ಸಮೀಪದಲ್ಲಿದ್ದರೂ ಇಷ್ಟು ಕಾಯುವುದಿಲ್ಲ. ಶುಕ್ರನ ಮೋಡಗಳು ತಮ್ಮ ಮೇಲೆ ಬಿದ್ದ ಬೆಳಕಿನ ಸುಮಾರು ಮುಕ್ಕಾಲು ಪಾಲನ್ನು ಹಿಂದಿರುಗಿಸಿಬಿಡುವುದರಿಂದ, ಆ ಗ್ರಹ ಹೀರಿಕೊಳ್ಳುವ ಬಿಸಿಲು ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆಯೇ. ಅದನ್ನು ಕುದಿಸುತ್ತಿರುವುದು ಒಳಬಂದ ಬಿಸಿಲಿನ ಶಾಖವನ್ನು ಹೊರಬಿಡದೆ ಕೌದಿಯಂತೆ ಹೊದ್ದಿರುವ ಕಾರ್ಬನ್ ಡೈಆಕ್ಸೈಡ್. ಅಲ್ಲಿನ ಗಾಳಿಯಲ್ಲಿ ಶೇಕಡ 96ಕ್ಕೂ ಹೆಚ್ಚು ಪಾಲು ಅದೇ ಅನಿಲ.

ಭೂಮಿಯಲ್ಲಿ ಆ ಅನಿಲ ಇಲ್ಲವೇ? ಇದೆ, ಹೆಚ್ಚುಕಡಿಮೆ ಅಷ್ಟೇ ಇದೆಯೆಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಅದರ ಬಹುಪಾಲು ಇರುವುದು ಗಾಳಿಯಲ್ಲಲ್ಲ, ಕಲ್ಲಿನಲ್ಲಿ. ನಮ್ಮ ಮನೆಗಳಿಗೆ ಹಾಸಿರುವ ಶಹಾಬಾದ್ ಫರಸಿ, ಮಳಖೇಡದ ಕೋಟೆಗೋಡೆಯ ಕಲ್ಲು, ಸೇಡಂ, ವಾಡಿ, ಚಿತ್ತಾಪುರಗಳ ಗಣಿಗಳಲ್ಲಿ ಅಗೆಯುವ ಬಂಡೆ, ಇವೆಲ್ಲ ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿದ ಸುಣ್ಣದ ಕಲ್ಲು. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸುತ್ತದೆ. ಸವೆದು ಬಂದ ಕ್ಯಾಲ್ಸಿಯಂ ನದಿಗಳ ಮೂಲಕ ಕಡಲು ಸೇರಿ, ಅಲ್ಲಿ ಆ ಅನಿಲದೊಂದಿಗೆ ಕೂಡಿ ಪದರಪದರವಾಗಿ ಸುಣ್ಣದ ಕಲ್ಲಾಗುತ್ತದೆ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದು 56 ಕಿಲೋ ಸುಣ್ಣ ಉಳಿಯುತ್ತದೆ. ನಮ್ಮ ಜಿಲ್ಲೆಯ ಸಿಮೆಂಟ್ ಗೂಡುಗಳಲ್ಲಿ ಹಗಲಿರುಳೂ ನಡೆಯುತ್ತಿರುವ ರಾಸಾಯನಿಕ ಕ್ರಿಯೆ ಇದೇ. ಭೂಮಿ ಯುಗಯುಗಗಳ ಕಾಲ ಕಲ್ಲಿನೊಳಗೆ ಕಟ್ಟಿಟ್ಟದ್ದನ್ನು ಶುಕ್ರ ಗಾಳಿಯಲ್ಲೇ ಹೊತ್ತುಕೊಂಡಿದೆ.

ಏಕೆಂದರೆ ಅಲ್ಲಿ ನೀರಿಲ್ಲ. ಹಿಂದೆ ಈಗಿನದಕ್ಕಿಂತ ಬಹಳ ಹೆಚ್ಚು ನೀರಿತ್ತೆಂಬುದಕ್ಕೆ ಕುರುಹು ಸಿಕ್ಕಿದೆ. 1978ರಲ್ಲಿ ಅಮೆರಿಕದ ಪಯನಿಯರ್ ವೀನಸ್ ಶೋಧಕಗಳು ಅಲ್ಲಿನ ಗಾಳಿಯನ್ನು ಪರೀಕ್ಷಿಸಿದಾಗ, ಸಾಮಾನ್ಯ ಹೈಡ್ರೋಜನ್ನಿಗೆ ಹೋಲಿಸಿದರೆ ಅದರದೇ ಭಾರವಾದ ರೂಪವಾದ ಡ್ಯೂಟೀರಿಯಂ ಭೂಮಿಯಲ್ಲಿರುವ ಪ್ರಮಾಣದ ನೂರು ಪಟ್ಟಿನಷ್ಟಿತ್ತು. ನೀರಾವಿ ಮೇಲಕ್ಕೇರಿ ಬಿಸಿಲಿಗೆ ಒಡೆದು, ಹಗುರ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಹಾರಿಹೋಗಿ, ಭಾರವಾದದ್ದು ಹಿಂದುಳಿದಿದೆ ಎಂಬುದು ಇದರ ಅರ್ಥ. ಆ ನೀರು ಎಂದಾದರೂ ಸಮುದ್ರವಾಗಿ ನಿಂತಿತ್ತೇ ಅಥವಾ ಆವಿಯಾಗಿಯೇ ಮುಗಿಯಿತೇ ಎಂಬ ವಾದ ಇನ್ನೂ ತೀರ್ಮಾನವಾಗಿಲ್ಲ; ನನ್ನ ಮಟ್ಟಿಗೆ ನೌಕೆ ಕಳಿಸಲು ಇದೊಂದೇ ಪ್ರಶ್ನೆ ಸಾಕು. ನಮ್ಮ ಹೊಗೆಯಿಂದ ಭೂಮಿ ಬೇಗನೆ ಇನ್ನೊಂದು ಶುಕ್ರವಾಗುತ್ತದೆಂದು ಹೆದರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಭೂಮಿಗೂ ಅದೇ ಭೌತನಿಯಮಗಳು ಅನ್ವಯಿಸುವುದರಿಂದ, ನಮ್ಮ ವಾಯುಗುಣದ ಲೆಕ್ಕಾಚಾರಗಳು ಅಲ್ಲಿಯೂ ಸರಿಹೊಂದುತ್ತವೆಯೇ ಎಂದು ಪರೀಕ್ಷಿಸುವುದು ಅಗತ್ಯ. ಭೂಮಿಯನ್ನೇ ಕಾಯಿಸಿ ಪ್ರಯೋಗ ಮಾಡಲಾಗದು.

ಹೀಗೆ ಕಲಿತದ್ದು ಬಳಕೆಗೆ ಬಂದ ನಿದರ್ಶನವೂ ಇದೆ. ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ತಾರುಣ್ಯದಲ್ಲಿ ಶುಕ್ರನ ವಾಯುಮಂಡಲವನ್ನೇ ಅಭ್ಯಸಿಸಿದವರು. ಪಯನಿಯರ್ ವೀನಸ್‌ನ ಒಂದು ಉಪಕರಣದ ಹೊಣೆ ಹೊತ್ತಿದ್ದ ಅವರು, ಅದನ್ನು ಸಹೋದ್ಯೋಗಿಗೆ ಒಪ್ಪಿಸಿ ಭೂಮಿಯ ವಾಯುಗುಣದತ್ತ ತಿರುಗಿದರು. 1988ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿದೆಯೆಂದು ಸಾಕ್ಷ್ಯ ನುಡಿದವರು ಅವರೇ. ನಮ್ಮ ಬೇಸಿಗೆಗಳ ಬಗ್ಗೆ ಇಂದು ಜಗತ್ತು ಆಡುತ್ತಿರುವ ಮಾತಿನಲ್ಲಿ ಶುಕ್ರನ ಪಾಠವೂ ಸೇರಿದೆ.

ಇನ್ನು, ಬೇರೆಯವರು ಮಾಡಲಿ ಎಂಬ ಸಲಹೆ. ಸೋವಿಯತ್ ಒಕ್ಕೂಟದ ವೆನೆರಾ 7 ಮೊದಲ ಬಾರಿಗೆ 1970ರಲ್ಲಿ ಅಲ್ಲಿಳಿದು ನೆಲದಿಂದ ಮಾಹಿತಿ ಕಳಿಸಿತು. 1982ರಲ್ಲಿ ಇಳಿದ ವೆನೆರಾ 13 ಆ ಉರಿಯಲ್ಲಿ 127 ನಿಮಿಷ ತಾಳಿತು. ಅಮೆರಿಕದ ಮೆಗಲನ್ ನೌಕೆ 1990ರಿಂದ ರೇಡಾರ್ ಮೂಲಕ ನಕ್ಷೆ ತಯಾರಿಸಿತು. ಅದು 1991ರಲ್ಲಿ ತೆಗೆದ ಚಿತ್ರಗಳನ್ನು ಮೂರು ದಶಕಗಳ ಬಳಿಕ ಮತ್ತೆ ಹೋಲಿಸಿ ನೋಡಿದಾಗ, ಮಾಟ್ ಮಾನ್ಸ್ ಪರ್ವತದ ಸಮೀಪ ಜ್ವಾಲಾಮುಖಿಯ ಬಾಯೊಂದು ಎಂಟು ತಿಂಗಳಲ್ಲಿ ಆಕಾರ ಬದಲಿಸಿದ್ದು ತಿಳಿಯಿತು. 2023ರಲ್ಲಿ ಅದು ಪ್ರಕಟವಾಯಿತು. ಮೂಲ ಮಾಹಿತಿ ಕೈಯಲ್ಲಿದ್ದವರಿಗೆ, ಅದನ್ನು ಮತ್ತೆ ತೆರೆದು ಹೊಸ ಪ್ರಶ್ನೆ ಕೇಳುವ ಅವಕಾಶವಿತ್ತು. 2028ರ ಮಾರ್ಚ್‌ನಲ್ಲಿ ಉಡಾಯಿಸಲು ಉದ್ದೇಶಿಸಿರುವ ನಮ್ಮ ನೌಕೆಯೂ ರೇಡಾರ್ ಒಯ್ಯಲಿದೆ. ಚಂದ್ರಯಾನ ಮತ್ತು ಮಂಗಳಯಾನಗಳ ಮಾಹಿತಿಯನ್ನು ಬೆಂಗಳೂರು ಸಮೀಪದ ಬ್ಯಾಲಾಳು ಕೇಂದ್ರದ ಮೂಲಕ ಇಸ್ರೋ ಸಂಶೋಧಕರಿಗೆ ತೆರೆದಿಟ್ಟಿದೆ. ಶುಕ್ರನ ಮಾಹಿತಿಯನ್ನೂ ಹಾಗೆಯೇ ಕೊಟ್ಟರೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವ, ಸುಣ್ಣದ ಕಲ್ಲಿನ ಊರುಗಳಲ್ಲೇ ಬೆಳೆದ ನಮ್ಮ ಮಕ್ಕಳು ಬೇರೆಯವರ ತೀರ್ಮಾನವನ್ನು ಓದಿ ಒಪ್ಪಬೇಕಾಗಿಲ್ಲ, ತಾವೇ ಲೆಕ್ಕ ಹಾಕಿ ನೋಡಬಹುದು.

— ಸಂಪಾದಕ