ಪಗ್ ನಾಯಿಗೆ ಅನಸ್ತೇಶಿಯಾ ಕೊಟ್ಟರೆ ಏಳುವುದಿಲ್ಲ ಅನ್ನುವುದು ನಿಜವಾ?

ನೀವು ಬರೆದ ಹಾಗೆ, ನಿಮ್ಮದು ಏಳು ವರ್ಷದ ಹೆಣ್ಣು ಪಗ್. ಗರ್ಭಕೋಶ ತೆಗೆಸಿ ಅಂತ ಡಾಕ್ಟರ್ ಹೇಳಿದ್ದಾರೆ. ಪಕ್ಕದ ಮನೆಯವರು "ಪಗ್‌ಗೆ ಅನಸ್ತೇಶಿಯಾ (ಆಪರೇಷನ್‌ಗೆ ಪ್ರಜ್ಞೆ ತಪ್ಪಿಸುವ ಔಷಧಿ) ಕೊಟ್ಟರೆ ಏಳೋದೇ ಇಲ್ಲ" ಅಂತ ಹೆದರಿಸಿದ್ದಾರೆ, ಅಲ್ವಾ? ನಾನು ಬೆಂಗಳೂರಿನಲ್ಲಿ ಪಶುವೈದ್ಯ, ದಿನಾ ನಾಯಿ ಬೆಕ್ಕುಗಳ ಸರ್ಜರಿ ಮಾಡುವವನು. ಬಹುಪಾಲು ಪಗ್‌ಗಳು ಆರಾಮಾಗಿ ಏಳುತ್ತವೆ. ಹಾಗಂತ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ಬ್ರಿಟನ್‌ನಲ್ಲಿ 2002ರಿಂದ 2004ರವರೆಗೆ ಸುಮಾರು ಒಂದು ಲಕ್ಷ ನಾಯಿಗಳ ಲೆಕ್ಕ ಇಟ್ಟಿದ್ದರು. ಆರೋಗ್ಯವಾಗಿದ್ದ ನಾಯಿಗಳಲ್ಲಿ ಅನಸ್ತೇಶಿಯಾದಿಂದ ಸತ್ತಿದ್ದು 10,000ಕ್ಕೆ ಸುಮಾರು 5. ಮೊದಲೇ ಕಾಯಿಲೆ ಇದ್ದವುಗಳಲ್ಲಿ 100ಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ನನಗೆ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಸತ್ತವುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಸತ್ತಿದ್ದು ಟೇಬಲ್ ಮೇಲಲ್ಲ, ಆಪರೇಷನ್ ಮುಗಿದ ಮೇಲೆ. ಅದರಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ. ಹೊಲಿಗೆ ಮುಗಿಯಿತು, ಎಲ್ಲರೂ ಟೀ ಕುಡಿಯಲು ಹೋದರು ಅನ್ನುವ ಹೊತ್ತದು.

ಪಗ್‌ಗೆ ಆ ಹೊತ್ತು ಇನ್ನೂ ನಾಜೂಕು. ಅದರ ಮೂಗು ಚಿಕ್ಕದು, ಆದರೆ ಒಳಗಿನ ಅಂಗುಳು, ನಾಲಿಗೆ ಮಾತ್ರ ಆ ಜಾಗಕ್ಕೆ ದೊಡ್ಡವು. ಎಚ್ಚರ ಇರುವಾಗಲೇ ಗೊರ್ ಗೊರ್ ಅನ್ನುತ್ತದೆ. ಮತ್ತಿನಲ್ಲಿ ಗಂಟಲು ಸಡಿಲವಾದರೆ ಉಸಿರಿನ ದಾರಿಯೇ ಮುಚ್ಚಬಹುದು. ಅದಕ್ಕೇ ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತೇವೆ. ಬೇರೆ ನಾಯಿ ಒಮ್ಮೆ ನುಂಗಿದ ತಕ್ಷಣ ಟ್ಯೂಬ್ ತೆಗೆದರೆ ನಡೆಯುತ್ತದೆ. ಪಗ್‌ನಲ್ಲಿ ನಾವು ಅವಸರ ಮಾಡುವುದಿಲ್ಲ. ಅಂಗಾತ ಅಲ್ಲ, ಎದೆ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿಟ್ಟು, ನಾಲಿಗೆ ಮುಂದಕ್ಕೆ ಎಳೆದು ಕಾಯುತ್ತೇವೆ. ಅದು ತಲೆ ಎತ್ತಿ, ಕಣ್ಣು ಬಿಟ್ಟು, ಟ್ಯೂಬನ್ನೇ ಅಗಿಯಲು ಶುರು ಮಾಡಿದ ಮೇಲೆ ತೆಗೆಯುವುದು. ಆಮೇಲೂ ಒಬ್ಬರು ಪಕ್ಕದಲ್ಲೇ ಇರಬೇಕು, ಕೈಗೆ ಸಿಗುವಷ್ಟು ಹತ್ತಿರ ಆಕ್ಸಿಜನ್ ಇರಬೇಕು.

ಹಾಗಾಗಿ ಆಸ್ಪತ್ರೆಯಲ್ಲಿ "ಯಾವ ಇಂಜೆಕ್ಷನ್ ಕೊಡ್ತೀರಿ" ಅಂತ ಕೇಳುವುದಕ್ಕಿಂತ "ಯಾರು ನೋಡ್ಕೋತಾರೆ" ಅಂತ ಕೇಳಿ. ಕೊಯ್ಯುವ ಡಾಕ್ಟರ್ ಬಿಟ್ಟು ಉಸಿರು, ನಾಡಿ, ಬಿಪಿ ನೋಡಲು ಇನ್ನೊಬ್ಬರು ಇರುತ್ತಾರಾ? ಟ್ಯೂಬ್ ಹಾಕುತ್ತಾರಾ? ಕಾಲಿಗೆ ಐವಿ ಲೈನ್ (ಡ್ರಿಪ್ ಕೊಡುವ ಸೂಜಿ) ಇರುತ್ತದಾ? ಬೆಚ್ಚಗಿಡುವ ವ್ಯವಸ್ಥೆ ಏನು? ಚಿಕ್ಕ ನಾಯಿ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ಏಳುವುದೂ ತಡ. ಗ್ಯಾಸ್ ಮೆಷಿನ್, ಅದರಲ್ಲಿ ಕೊಡುವ ಐಸೋಫ್ಲುರೇನ್ ಅನ್ನುವ ಅನಸ್ತೇಶಿಯಾ ಎಲ್ಲ ಇದ್ದರೆ ಒಳ್ಳೆಯದೇ. ಆದರೆ ಮಾನಿಟರ್ ಬೀಪ್ ಅಂದಾಗ ತಿರುಗಿ ನೋಡುವವರೇ ಇಲ್ಲದಿದ್ದರೆ ಅದು ಸುಮ್ನೆ ಶೋಕಿ. ಇಷ್ಟು ಕೇಳಿದ್ದಕ್ಕೆ ಸಿಡುಕಿದರೆ ಬೇರೆ ಕಡೆ ನೋಡಿ. ಬೆಂಗಳೂರಿನ ಹತ್ತಿರ ಇದ್ದರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು.

ರಕ್ತ ಪರೀಕ್ಷೆ ಬಿಡಬೇಡಿ. ನಮ್ಮ ಕಡೆ ರಕ್ತ ಹೀರುವ ಉಣ್ಣಿಗಳ ಕಾಟ ಜಾಸ್ತಿ, ಅವು ಕಚ್ಚಿ ಬರುವ ಟಿಕ್ ಫೀವರ್ ಮಾಮೂಲು. ನಾಯಿ ಚೆನ್ನಾಗಿಯೇ ತಿಂದುಕೊಂಡಿರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮಾತ್ರ ಪಾತಾಳಕ್ಕೆ ಇಳಿದಿರುತ್ತದೆ. ಹಾಗೇ ಹೊಟ್ಟೆ ಕೊಯ್ದರೆ ರಕ್ತ ನಿಲ್ಲಿಸುವುದೇ ಕಷ್ಟ. ಏಳು ವರ್ಷ ಅಂದಮೇಲೆ ಕಿಡ್ನಿ, ಲಿವರ್ ಟೆಸ್ಟ್ ಕೂಡ ಬೇಕು. ಹೃದಯದಲ್ಲಿ ಮರ್ಮರ್ (ಬಡಿತದ ಜೊತೆ ಅಸಹಜ ಸದ್ದು) ಕೇಳಿಸಿದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್.

ಊಟ ಹಿಂದಿನ ರಾತ್ರಿಯದೇ ಕೊನೆ, ನೀರು ಎಷ್ಟು ಹೊತ್ತಿನವರೆಗೆ ಅಂತ ಆಸ್ಪತ್ರೆಯವರೇ ಹೇಳುತ್ತಾರೆ. "ಪಾಪ, ಹಸಿದಿದೆ" ಅಂತ ಬೆಳಿಗ್ಗೆ ಬಿಸ್ಕೆಟ್ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ, ಆಪರೇಷನ್ ಮುಂದಕ್ಕೆ ಹಾಕುತ್ತೇವೆ ಅಷ್ಟೆ. ಸಂಜೆ ಸ್ವಂತ ಕಾಲ ಮೇಲೆ ನಡೆಯುವ ತನಕ ಮನೆಗೆ ಕರೆದುಕೊಂಡು ಹೋಗಲು ಅವಸರ ಮಾಡಬೇಡಿ. ನೋವಿಗೆ ಅವರು ಬರೆದ ಔಷಧಿಯನ್ನೇ ಕೊಡಿ. ಮನೆಯಲ್ಲಿರುವ ಕಾಂಬಿಫ್ಲಾಮ್, ಅಂದರೆ ಮನುಷ್ಯರ ನೋವಿನ ಮಾತ್ರೆ, ಬೇಡವೇ ಬೇಡ.

ಗರ್ಭಕೋಶ ಯಾಕೆ ತೆಗೆಯಬೇಕು ಅಂದರು ಅಂತ ನೀವು ಬರೆದಿಲ್ಲ. ಸುಮ್ನೆ ಮುನ್ನೆಚ್ಚರಿಕೆಗೆ ಅಂತಾದರೆ, ಮತ್ತು ಅವಳು ದಪ್ಪ ಇದ್ದರೆ, ಮೊದಲು ತೂಕ ಇಳಿಸಿ. ಬೇಸಿಗೆ ಕಳೆಯಲಿ, ನಿಧಾನವಾಗಿ ಮಾಡಿಸಿ. ಆದರೆ ಬೆದೆಗೆ ಬಂದು ಒಂದೆರಡು ತಿಂಗಳಾಗಿದ್ದು, ಈಗ ನೀರು ಜಾಸ್ತಿ ಕುಡಿಯುತ್ತಿದ್ದರೆ, ಊಟ ಬಿಟ್ಟಿದ್ದರೆ, ಯೋನಿಯಿಂದ ಕೀವು ಸೋರುತ್ತಿದ್ದರೆ, ಅದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ, ಇರಬಹುದು. ಆಗ ಕಾಯುವುದೇ ಅನಸ್ತೇಶಿಯಾಕ್ಕಿಂತ ಅಪಾಯ. ಇವತ್ತೇ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ.